ಗಿಡ್ಡ ಕಾಲಿನ ಕುದುರೆ

“ನೀನು ಅಂಗಡಿ ಇಟ್ಟ ದಿನ ಇದೇ ಕುದುರೆಯನ್ನ ಗೋಡೆ ತುಂಬ ಬರೆದುಕೊಡ್ತೀನಿ, ಎಳ್ಳಷ್ಟೂ ಹೆಚ್ಚುಕಮ್ಮಿ ಇಲ್ಲದ ಹಾಗೆ,” ಎಂದು ಬೋರ್ಡ್ ಬರೆಯುವ ಅಮ್ಮ ಆರು ವರ್ಷದ ಮಗಳಿಗೆ ಮಾತು ಕೊಟ್ಟಿದ್ದಳು. ಇಂದು, ಬೆಳೆದು ದೊಡ್ಡವಳಾದ ಆ ಮಗಳ ಸೈಕಲ್ ರಿಪೇರಿ ಅಂಗಡಿ ತೆರೆಯುವ ದಿನ. ಅಂದು ತಾನೇ ರಟ್ಟಿನಲ್ಲಿ ಕತ್ತರಿಸಿದ್ದ ಬೆರಳುದ್ದದ ಕುದುರೆಯನ್ನು ಕಣ್ಣೆದುರು ಹಿಡಿದು, ಒಂದು ಕಣ್ಣು ಮುಚ್ಚಿ, ಗೋಡೆಯನ್ನೇ ನೋಡುತ್ತ ಮಗಳು, ಎರಡು ಕುದುರೆಯೂ ಒಂದೇ ಅಳತೆಗೆ ಕಾಣುವವರೆಗೆ, ರಸ್ತೆಯಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದಳು. ಅಮ್ಮ ಏಣಿಯ ಮೇಲಿಂದ ಅವಳನ್ನೇ ನೋಡುತ್ತಿದ್ದಳು.

“ಕಿವಿಗೆ ಕಿವಿ ಕೂತಿತು! ಬಾಲಕ್ಕೆ ಬಾಲ! ಅಮ್ಮಾ, ಅಚ್ಚು ಒತ್ತಿದ ಹಾಗಿದೆ!” ಮಗಳು ಕುಣಿದೇಬಿಟ್ಟಳು. ರಟ್ಟಿನ ಮೇಲೆ ಚಿಕ್ಕ ಚೌಕ, ಗೋಡೆಯ ಮೇಲೆ ದೊಡ್ಡ ಚೌಕ ಎಳೆದು, ಚಿಕ್ಕದರಲ್ಲಿದ್ದುದನ್ನೆಲ್ಲ ದೊಡ್ಡದಕ್ಕೆ ಏರಿಸಿದ ಮೂರು ದಿನದ ಸುಸ್ತು ಅಮ್ಮನ ಸೊಂಟದಿಂದ ಇಳಿದುಹೋಯಿತು. ಅಷ್ಟರಲ್ಲಿ ಕುಣಿತ ನಿಂತಿತು. “ಒಂದು ಹಿಂಗಾಲು ರಟ್ಟಿನ ಹೊರಗೆ ಇಣುಕ್ತಿದೆಯಲ್ಲ? ನನ್ನ ಕುದುರೆದು ಗಿಡ್ಡ ಕಾಲು.”

ಅಮ್ಮ ನಾಲಿಗೆ ಕಚ್ಚಿಕೊಂಡಳು. ವರ್ಷಗಟ್ಟಲೆ ಮಂದಿಯ ಸೊಟ್ಟ ಅಕ್ಷರ ತಿದ್ದಿದ ಕೈ, ಕುದುರೆಯ ಕಾಲನ್ನೂ ತಾನಾಗಿಯೇ ತಿದ್ದಿಬಿಟ್ಟಿತ್ತು. “ಕುಂಟು ಕುದುರೆ ಅಂತ ಬಂದವರೆಲ್ಲ ನಗ್ತಾರೆ ಕಣೇ.”

“ನಗಲಿ ಬಿಡಮ್ಮ. ರಿಪೇರಿ ಅಂಗಡಿ ತಾನೆ? ಕುಂಟೋದೇ ಇಲ್ಲಿಗೆ ಬರೋದು!”

ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಗೋಡೆಯ ಬಣ್ಣದಲ್ಲೇ ಕಾಲನ್ನು ಒಂದು ಗೇಣು ಅಳಿಸಿ, ಗೊರಸನ್ನು ಮೇಲೆ ಬರೆದಳು. ಮಗಳು ಮತ್ತೆ ಒಂದು ಕಣ್ಣು ಮುಚ್ಚಿದಳು. ರಟ್ಟಿನ ಕುದುರೆಯ ಹಿಂದೆ ಗೋಡೆಯ ಕುದುರೆ ಪೂರ್ತಿ ಅಡಗಿತು. ಅಮ್ಮ ಕೊಟ್ಟ ಮಾತು ಉಳಿಯಿತು.