ಎಡಗಿವಿಗೆ ಕೇಳಿದ್ದು

“ಇವತ್ತು ಸಂಜೆವರೆಗೂ ನೀನು ನನ್ನ ನೆರಳು. ನಾನು ಹೋದಲ್ಲಿ ಬಾ, ಕೂತಲ್ಲಿ ಕೂರು. ಏನಾದ್ರೂ ಕೇಳಬೇಕು ಅನ್ನಿಸಿದ್ರೆ ಸಂಕೋಚ ಬೇಡ,” ಎಂದು ಹೇಳಿ ವಿಡಿಯೋ ಗೇಮ್ ಸಂಸ್ಥೆಯ ಮುಖ್ಯಸ್ಥೆ ಬಿರಬಿರನೆ ನಡೆದರು. ಒಂದು ದಿನ ಅವರ ಜೊತೆಗಿದ್ದು ಕೆಲಸ ನೋಡಲು ಕಾಲೇಜಿನ ಮುನ್ನೂರು ಅರ್ಜಿಗಳಲ್ಲಿ ಆಯ್ಕೆಯಾಗಿ ಬಂದಿದ್ದ ಹುಡುಗಿ ಓಡಿಹೋಗಿ ಅವರ ಬಲಕ್ಕೆ ಸೇರಿಕೊಂಡಳು. ಅವಳಿಗೆ ಕೇಳುತ್ತಿದ್ದುದು ಎಡಗಿವಿಯಲ್ಲಿ ಮಾತ್ರ. ಏಳನೇ ವಯಸ್ಸಿನಲ್ಲಿ ಬಂದ ಮಂಗನಬಾವು ಬಲಗಿವಿಯನ್ನು ಜೊತೆಗೇ ಕರೆದುಕೊಂಡು ಹೋಗಿತ್ತು. ‘ಅಲ್ಲಿ ಕಿವಿ ವಿಷಯ ಬಾಯಿಬಿಡಬೇಡ. ನಾಳೆ ಕೆಲಸ ಕೊಡೋರು ಅವರೇ’ ಎಂದು ಅಮ್ಮ ಹೇಳಿ ಕಳಿಸಿದ್ದಳು.

ಒಳಗೆ ಉದ್ದನೆಯ ಹಾಲ್, ಅರವತ್ತು ಜನ. ಗೋಡೆಯ ತುಂಬ ಒಂದೇ ಮೇಕೆಮರಿಯ ಚಿತ್ರಗಳು: ಎಡವಿದ ಮರಿ, ಮುನಿಸಿಕೊಂಡ ಮರಿ, ನಿದ್ದೆಗೆಟ್ಟ ಮರಿ. ಕಳೆದುಹೋದ ಆ ಮರಿಯನ್ನು ಕುರಿಗಾಹಿ ಹುಡುಗಿಯೊಬ್ಬಳು ತನ್ನ ನಾಯಿಯೊಡನೆ ಹುಡುಕಿ ತರುವುದೇ ಆಟ. ಮಧ್ಯಾಹ್ನ ಮೂರಕ್ಕೆ ಅದನ್ನು ಬಿಡುಗಡೆ ಮಾಡುವುದಿತ್ತು. ತಲೆ ನರೆತವರೂ ಮುಖ್ಯಸ್ಥೆಯನ್ನು ‘ದೊಡ್ಡಕ್ಕ’ ಎಂದೇ ಕರೆಯುತ್ತಿದ್ದರು. ಚಿತ್ರ ಬರೆಯುವವನೊಬ್ಬ ಜಾಹೀರಾತಿಗೆಂದು ಎರಡು ಆಕಾಶಗಳ ಚಿತ್ರ ಮುಂದಿಟ್ಟ. ಹುಡುಗಿಯ ಕಣ್ಣಿಗೆ ಎರಡೂ ಒಂದೇ.

“ಇದರಲ್ಲಿ ಮಳೆ ಬರೋ ಹಾಗಿದೆ,” ಎಂದರು ದೊಡ್ಡಕ್ಕ. “ಇದನ್ನ ನೋಡಿದ್ರೆ ಕುರಿಗಾಹಿ ಹುಡುಗಿ ಮನೆಗೆ ಓಡ್ತಾಳೆ, ಮರಿ ಹುಡುಕಲ್ಲ. ಇನ್ನೊಂದು ಇರಲಿ.”

ಒಂದು ಮಾತಿಗೆ ಒಂದು ಆಕಾಶವೇ ಹೋಯಿತು. ಹುಡುಗಿ ತೆರೆದ ಬಾಯಿ ಮುಚ್ಚಲಿಲ್ಲ.

ಹನ್ನೆರಡರ ಹೊತ್ತಿಗೆ ದೊಡ್ಡಕ್ಕ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, “ಆಡು, ನೋಡೋಣ,” ಎಂದರು. ಅದು ಆಟದ ಕೊನೆಯ ಗುಹೆ. ಪರದೆಯೆಲ್ಲ ಕಪ್ಪು. ಶಬ್ದದ ಕೆಲಸದವನು ಅದಕ್ಕೆ ಎರಡು ವರ್ಷ ಸವೆಸಿದ್ದ. ಎಲ್ಲರೂ ಅವನನ್ನು ಕಿವಿಮಾಸ್ತರ ಎನ್ನುತ್ತಿದ್ದರು. ಅವನೇ ಬಂದು ಅವಳ ತಲೆಗೆ ಹೆಡ್‌ಫೋನ್ ಹಾಕಿದ.

“ಕಣ್ಣಿಗೆ ಇಲ್ಲಿ ಕೆಲಸ ಇಲ್ಲ. ಮರಿಯ ಕೊರಳ ಗಂಟೆ ಯಾವ ಕಡೆ ಕೇಳುತ್ತೋ ಆ ಕಡೆ ಹೋಗ್ತಾ ಇರಿ. ಸಣ್ಣ ಮಕ್ಕಳೂ ದಾಟಿದ್ದಾರೆ.”

ಅವಳು ಗುಹೆಯ ಹಳ್ಳಕ್ಕೆ ಬಿದ್ದಳು. ಮತ್ತೆ ಹೊರಟಳು, ಮತ್ತೆ ಬಿದ್ದಳು. ಆರನೆಯ ಸಲ ಕಿವಿಮಾಸ್ತರ ನಕ್ಕು, “ಪಾಪ, ಗಾಬರಿಯಾಗಿದ್ದಾರೆ,” ಎಂದ.

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಹುಡುಗಿ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ಗಾಬರಿ ಇಲ್ಲ ಸರ್. ನನಗೆ ಬಲಗಿವಿ ಕೇಳಲ್ಲ. ಗಂಟೆ ಜೋರಾಗೋದು, ಸಣ್ಣಗಾಗೋದು ಗೊತ್ತಾಗುತ್ತೆ. ದೂರ ಹೋಗಿದ್ದಕ್ಕೋ, ಬಲಕ್ಕೆ ಹೋಗಿದ್ದಕ್ಕೋ ಗೊತ್ತಾಗಲ್ಲ. ನನ್ನಂಥೋರಿಗೆ ಈ ಗುಹೆ ಮುಗಿಯೋದೇ ಇಲ್ಲ.”

ಕಿವಿಮಾಸ್ತರನ ಮುಖ ಬಿಗಿಯಿತು. “ಅಂಥವರು ಎಷ್ಟು ಜನ ಇರ್ತಾರೆ ದೊಡ್ಡಕ್ಕ? ಬಿಡುಗಡೆಗೆ ಇನ್ನು ಮೂರು ತಾಸೂ ಇಲ್ಲ.”

ದೊಡ್ಡಕ್ಕ ಹುಡುಗಿಯ ಕುರ್ಚಿಯಲ್ಲಿ ತಾವೇ ಕೂತು, ಹೆಡ್‌ಫೋನಿನ ಬಲಭಾಗವನ್ನು ಕಿವಿಯ ಹಿಂದಕ್ಕೆ ತಳ್ಳಿಕೊಂಡರು. ಈ ಆಟವನ್ನು ಮೊದಲ ಗೆರೆಯಿಂದ ಬಲ್ಲವರು ಅವರು. ನಾಲ್ಕು ಸಲ ಆಡಿದರು, ನಾಲ್ಕು ಸಲವೂ ಬಿದ್ದರು. ಎದ್ದು ನಿಂತು, ದನಿ ಏರಿಸದೆಯೇ ಹಾಲಿಗೆಲ್ಲ ಕೇಳುವಂತೆ ಹೇಳಿದರು: “ಎಲ್ಲರೂ ಗುಹೆ ತೆಗೀರಿ. ಬಲಗಿವಿ ಬಿಟ್ಟು ಆಡಿ.”

ಅರವತ್ತು ತಲೆಗಳು ಬಾಗಿದವು. ಕೀಬೋರ್ಡುಗಳ ಟಕಟಕ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅಲ್ಲೊಬ್ಬರು ‘ಛೆ’ ಎಂದರು, ಇಲ್ಲೊಬ್ಬರು ನಿಟ್ಟುಸಿರುಬಿಟ್ಟರು. ತಾವೇ ಕಟ್ಟಿದ ಗುಹೆಯಲ್ಲಿ ಒಬ್ಬೊಬ್ಬರಾಗಿ ದಾರಿ ತಪ್ಪುತ್ತಿದ್ದರು. ತನ್ನಂತೆಯೇ ಕೇಳುವ ಇಷ್ಟು ಜನರನ್ನು ಹುಡುಗಿ ಹುಟ್ಟಿದಾರಭ್ಯ ನೋಡಿರಲಿಲ್ಲ.

ದೊಡ್ಡಕ್ಕ ಫೋನ್ ಎತ್ತಿಕೊಂಡರು. “ಇವತ್ತು ಬಿಡುಗಡೆ ಇಲ್ಲ. ಹತ್ತು ದಿನ ಮುಂದಕ್ಕೆ... ಊರಿಗೆಲ್ಲ ಹೇಳಿಯಾಗಿದೆ, ಗೊತ್ತು. ಬೈಗುಳ ನನ್ನ ಹೆಸರಿಗೆ ಬರಲಿ.” ಫೋನ್ ಇಟ್ಟು ಹುಡುಗಿಯ ಕಡೆ ತಿರುಗಿದರು. “ಮನೇಲಿ ಯಾರಾದ್ರೂ ಕೂಗಿದ್ರೆ, ಯಾವ ಕಡೆಯಿಂದ ಅಂತ ನಿನಗೆ ಹೇಗಮ್ಮಾ ಗೊತ್ತಾಗುತ್ತೆ?”

“ತಮ್ಮನ ಮುಖ ನೋಡ್ತೀನಿ ಮೇಡಂ. ಅವನು ಯಾವ ಕಡೆ ತಿರುಗ್ತಾನೋ ನಾನೂ ಆ ಕಡೆ ತಿರುಗ್ತೀನಿ.”

ದೊಡ್ಡಕ್ಕ ಗುಹೆಯ ಕಪ್ಪು ಪರದೆಯತ್ತ ತಿರುಗಿದರು. ಆಮೇಲೆ ಮೆಲ್ಲನೆ, ತಮಗೆ ತಾವೇ ಎಂಬಂತೆ, “ಕುರಿಗಾಹಿ ಹುಡುಗಿಗೆ ನಾಯಿ ಇದೆಯಲ್ಲ, ಅದನ್ನ ಗುಹೆ ಬಾಗಿಲಲ್ಲೇ ಯಾಕೆ ಬಿಟ್ಟು ಬಂದ್ವಿ?” ಎಂದರು. “ನಾಯಿ ಕಣ್ಣು ಕತ್ತಲಲ್ಲೂ ಹೊಳೆಯುತ್ತೆ. ಗಂಟೆ ಬಂದ ಕಡೆಗೆ ಅದು ತಲೆ ತಿರುಗಿಸಲಿ. ಸಾಕು.”

ಹುಡುಗಿ ಮನೆಯ ಪಡಸಾಲೆಯಲ್ಲಿ ತಮ್ಮನ ಮುಖ ನೋಡಿ ತಿರುಗುತ್ತಿದ್ದ ರೀತಿಯೇ ಆ ಕಪ್ಪು ಗುಹೆಯೊಳಗೆ ಹೋಗಿ ದಾರಿಯಾಗಿತ್ತು.

ಹಾಲಿನಲ್ಲಿ ಜನ ಒಬ್ಬೊಬ್ಬರಾಗಿ ಎದ್ದು ದೊಡ್ಡಕ್ಕನ ಸುತ್ತ ಸೇರಿದರು. ಕಿವಿಮಾಸ್ತರ ಮಾತ್ರ ಏಳಲಿಲ್ಲ. ಕಣ್ಣು ಮುಚ್ಚಿ, ಒಂದೇ ಕಿವಿಗೊಟ್ಟು, ತಾನೇ ಇಟ್ಟ ಗಂಟೆ ಎಲ್ಲಿದೆ ಎಂದು ಕತ್ತನ್ನು ಅತ್ತ ಇತ್ತ ತಿರುಗಿಸುತ್ತ ಕೂತಿದ್ದ.