ಆರನೆಯ ದಿನದ ಸುತ್ತು

ಆರನೆಯ ದಿನ ಮಧ್ಯಾಹ್ನ ಸೈಕಲ್ ಒಂದೇ ಸಲ ಹಾದುಹೋಯಿತು; ನಾಯಿ ಎರಡು ಸಲ ನಿಂತಿತು.

ನಲ್ಲಪ್ಪ ಅದನ್ನು ಸೀಟಿನ ಮೇಲಿಂದಲೇ ನೋಡಿದ. ಪೀಣ್ಯದ ಶೆಡ್ಡುಗಳ ಹಿಂದಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಮಾಡಿದ ದುಂಡು ದಾರಿಯಲ್ಲಿ ಅವನು ಕಾಲು ನೆಲಕ್ಕೆ ತಾಗಿಸದೆ ಸೈಕಲ್ ತುಳಿಯುತ್ತಿದ್ದ. ಊಟ, ಸ್ನಾನ, ಗಡ್ಡ ಹೆರೆಯುವುದು ಎಲ್ಲವೂ ಅದರ ಮೇಲೆಯೇ. ಇವತ್ತು ಸಂಜೆ ಆರರ ಸೈರನ್ ಆಗುವವರೆಗೆ ತುಳಿದರೆ ನಾಯಿಯ ಖರ್ಚು ಪೂರ್ತಿ ತಮ್ಮದೆಂದು ಕಾರ್ಖಾನೆಯ ಸಾಹುಕಾರರು ಮೈಕಿನಲ್ಲಿ ಹೇಳಿದ್ದರು. ಕಾಲು ತಾಗಿತೋ, ಕುರುಡರಿಗೆಂದು ನಾಯಿ ಪಳಗಿಸುವ ವೈಟ್‌ಫೀಲ್ಡಿನ ಸಂಸ್ಥೆಯವರು ಜೂಲಿಯನ್ನು ವಾಪಸ್ ಕರೆದೊಯ್ಯುತ್ತಾರೆ.

ಜೂಲಿ ಬೇಕಾಗಿದ್ದುದು ನರಸಪ್ಪನಿಗೆ. ಕಾರ್ಖಾನೆಯ ತೊಟ್ಟಿಯಿಂದ ಆಸಿಡ್ ಸಿಡಿದು ಅವನ ಕಣ್ಣು ಹೋದ ದಿನ ಆ ತೊಟ್ಟಿಯ ಬಳಿ ನಿಲ್ಲಬೇಕಾಗಿದ್ದವನು ನಲ್ಲಪ್ಪ. ಬೀಡಿ ಸೇದಲು ಹೊರಗೆ ಹೋಗಿದ್ದ.

ಜನ ನೋಡಲಿ ಎಂದು ನರಸಪ್ಪ ನಾಯಿಯನ್ನು ಹಿಡಿದು ದಾರಿ ದಾಟುತ್ತಿದ್ದ. ಸೈಕಲ್ ಬಂದರೆ ಜೂಲಿ ಅವನಿಗೆ ಅಡ್ಡ ನಿಂತು ತಡೆಯುತ್ತಿತ್ತು. ಹೋದ ಮೇಲೆ ದಾಟಿಸುತ್ತಿತ್ತು. ಈಗ ನಲ್ಲಪ್ಪ ಹೋದ ಮೇಲೂ ತಡೆಯಿತು. ಖಾಲಿ ದಾರಿಯಲ್ಲಿ ಏನೋ ಹಾದುಹೋದಂತೆ ಅದರ ಮೂತಿ ಎಡದಿಂದ ಬಲಕ್ಕೆ ಹೊರಳಿತು. ಆಮೇಲೆ ದಾಟಿಸಿತು. ಮುಂದಿನ ಸುತ್ತಿನಲ್ಲೂ ಹಾಗೆಯೇ. ಆದರೆ ಎರಡು ತಡೆಗಳ ನಡುವಿನ ಹೊತ್ತು ಕಡಿಮೆಯಾಗಿತ್ತು.

ನರಸಪ್ಪನ ಹೆಂಡತಿ ಮುನಿಯಕ್ಕ ಟೀ ಲೋಟ ಹಿಡಿದು ಪಕ್ಕದಲ್ಲೇ ಓಡಿಬಂದಳು. ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ನಲ್ಲಪ್ಪ ಕೇಳಿದ.

“ನಿದ್ದೆಗೆಟ್ಟು ತಲೆ ಕೆಟ್ಟೈತೆ ನಿಂಗೆ. ಬರೀ ಧೂಳು ಬತ್ತಾ ಐತೆ. ಕುಡಿ.”

ಐದೂವರೆಯ ಹೊತ್ತಿಗೆ ಜೂಲಿ ಮತ್ತೆ ಒಂದೇ ಸಲ ನಿಲ್ಲತೊಡಗಿತು. ನಲ್ಲಪ್ಪ ನಿಟ್ಟುಸಿರು ಬಿಟ್ಟ. ಗೆರೆಯ ಪಕ್ಕ ನಿಂತಿದ್ದ ನರಸಪ್ಪ ಮಾತ್ರ ಕುತ್ತಿಗೆ ಓರೆ ಮಾಡಿ ಟೈರಿನ ಸದ್ದಿಗೆ ಕಿವಿಗೊಟ್ಟ.

“ಲೇ ನಲ್ಲಪ್ಪ, ಡಬಲ್ಸ್ ಹೊಡೀತಿದ್ದೀಯೇನ್ಲಾ?”

“ಯಾಕಣ್ಣ?”

“ಟೈರು ಇಬ್ರ ಭಾರಕ್ಕೆ ನರಳ್ತೈತೆ. ಸಾವ್ಕಾರ್ರು ನೋಡಿದ್ರೆ ಒಪ್ಪಾಕಿಲ್ಲ. ಅವನ್ನ ಇಳಿಸ್ಬುಡು.”

ನಲ್ಲಪ್ಪ ತಿರುಗಿ ನೋಡಲಿಲ್ಲ. ತಿರುಗಿದರೆ ಆಯ ತಪ್ಪುತ್ತದೆ, ಆಯ ತಪ್ಪಿದರೆ ಕಾಲು ತಾಗುತ್ತದೆ. ಬೆನ್ನಿಗೆ ಅಂಟಿದ್ದ ಒದ್ದೆ ಅಂಗಿ ತಣ್ಣಗಾಗಿತ್ತು. ಹಲ್ಲು ಕಚ್ಚಿ ತುಳಿದ.

ಸೈರನ್ ಕೂಗಿತು. ಜನ ಚಪ್ಪಾಳೆ ತಟ್ಟಿದರು. ಮುನಿಯಕ್ಕ ಜೂಲಿಯ ಕೊರಳು ತಬ್ಬಿಕೊಂಡಳು. ಇಳಿಯಪ್ಪ ಸಾಕು ಎನ್ನುತ್ತ ಸಾಹುಕಾರರು ಹಾರ ಹಿಡಿದು ಬಂದರು. ನಲ್ಲಪ್ಪ ತುಳಿಯುವುದನ್ನು ನಿಲ್ಲಿಸಿ ಎರಡೂ ಕಾಲುಗಳನ್ನು ಪೆಡಲಿನಿಂದ ಎತ್ತಿದ.

ಪೆಡಲು ತಿರುಗುತ್ತಲೇ ಇತ್ತು.