ಉತ್ತರ ಬಾರದಿದ್ದರೆ

ಸ್ಮಾರ್ಟ್ ಕಾಂಟ್ರ್ಯಾಕ್ಟಿನಲ್ಲಿ ಪರೀಕ್ಷೆಗೆಂದು ತಾನೇ ಬೇಕೆಂದು ತಪ್ಪು ಸೇರಿಸಿದರೂ ಪರದೆಯ ತುಂಬ 'ಎಲ್ಲ ಸರಿ' ಎನ್ನುವ ಹಸಿರೇ ಬಂತು. ಮಂಜುಷಾಳ ಬೆರಳುಗಳು ಕೀಲಿಗಳ ಮೇಲೆ ನಿಂತುಬಿಟ್ಟವು. ಕೋಡಿನಲ್ಲಿ ಬರೆದ, ಒಮ್ಮೆ ಹೊರಬಿಟ್ಟರೆ ತಾನೇ ಜಾರಿಯಾಗುವ, ಯಾರಿಗೂ ತಿದ್ದಲು ಬಾರದ ಕರಾರು ಅದು. ಅದನ್ನು ಪರೀಕ್ಷಿಸುವ ಎರಡು ಲೈಬ್ರರಿಗಳನ್ನು, ಅಂದರೆ ಸಿದ್ಧ ಕೋಡಿನ ಕಟ್ಟುಗಳನ್ನು, ಜೋಡಿಸಿದವಳು ಅವಳೇ. ಈಗ ಅದು ನೋಡಿದೆಯೆಂದು ಇದು, ಇದು ನೋಡಿದೆಯೆಂದು ಅದು ಸುಮ್ಮನಿದ್ದವು. ಆ ಮೌನವನ್ನೇ ಅವಳ ಜೋಡಣೆ 'ಸರಿ' ಎಂದು ಎಣಿಸುತ್ತಿತ್ತು.

"ಹಸಿರು ಬಂದ ಮ್ಯಾಲೂ ಏನ್ ಹುಡುಕ್ತೀರಿ, ಬಿಡ್ರಿ," ಎಂದು ಪಕ್ಕದ ಮೇಜಿನ ಸುಮಂತ ನಕ್ಕ. ಅಷ್ಟರಲ್ಲಿ ಕಮಲಾಪುರದಿಂದ ಅವ್ವನ ಫೋನು.

"ಮಂಜೂ, ನಿನ್ನ ನೋಡಿ ಹೋದ ಆ ಮನಿಯವರಿಗೆ ನಿಮ್ಮಪ್ಪ ಹೂಂ ಅಂದಾರ. ರವಿವಾರ ನಿಶ್ಚಯ. ಕಲಬುರಗಿಯಿಂದ ಮುಂಜಾನಿ ಬಸ್ಸಿಗೇ ಬಾ."

"ನನ್ನ ಯಾರ್ ಕೇಳಿದ್ರು?"

"ನಿಮ್ಮಪ್ಪ ಕೇಳ್ಯಾರಂತ ನಾ, ನಾ ಕೇಳೀನಂತ ಅವರು... ನೀನೂ ಬ್ಯಾಡ ಅಂದಿಲ್ಲಲ್ಲ ಮತ್ತ!"

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಂಜುಷಾ ಜೋಡಣೆಯ ಒಂದು ಸಾಲನ್ನು ಬದಲಿಸಿದಳು: ಉತ್ತರ ಬಾರದಿದ್ದರೆ ತಪ್ಪೆಂದು ಎಣಿಸಬೇಕು. ಮತ್ತೆ ಓಡಿಸಿದಾಗ ಪರದೆ ಪೂರ್ತಿ ಕೆಂಪಾಯಿತು.

"ಸುಮ್ಮನಾದಿ. ಹೂಂ ಅಂತ ತಿಳೀಲೇನು?"

"ಇಲ್ಲವ್ವಾ," ಎಂದಳು ಮಂಜುಷಾ, ಕೆಂಪಿನಿಂದ ಕಣ್ಣು ತೆಗೆಯದೆ. "ನಾ ಸುಮ್ಮನಿದ್ದದ್ದು ಹೂಂ ಅಲ್ಲ."